ಮಾತಾಡು ಎನ್ನದೆ ಕಳೆದ ತಿಂಗಳುಗಳು

ಆ ಹುಡುಗಿಯ ಬೆರಳು ಶಾಲೆಯ ಕಬ್ಬಿಣದ ಬಾಗಿಲಿನ ಸಂದಿಗೆ ಸಿಕ್ಕಿ ಉಗುರು ಕಿತ್ತು ಬಂದಿತ್ತು. ಅವಳು ಕೂಗಲಿಲ್ಲ. ಕೈಯನ್ನು ಸ್ಕರ್ಟಿನ ಮಡಿಕೆಯಲ್ಲಿ ಸುತ್ತಿಕೊಂಡು, ಊಟದ ಹೊತ್ತಿನಿಂದ ಶಾಲೆ ಬಿಡುವ ತನಕ ತನ್ನ ಜಾಗದಲ್ಲಿ ಸುಮ್ಮನೆ ಕುಳಿತಿದ್ದಳು. ಪಕ್ಕದಲ್ಲಿ ಕೂತವಳಿಗೂ ಗೊತ್ತಾಗಲಿಲ್ಲ. ಮನೆಯ ಹೊಸ್ತಿಲು ದಾಟಿದ ಮೇಲೆ 'ಅವ್ವಾ' ಎಂದು ಚೀರಿದ ದನಿಗೆ ಓಣಿಯೇ ಹೊರಗೆ ಬಂದಿತಂತೆ.

ಇದಾದ ಮೇಲೆ ತಂದೆ ತಾಯಿ ಅವಳನ್ನು ಕರೆದುಕೊಂಡು ಮುನವಳ್ಳಿಯಿಂದ ಸವದತ್ತಿಯ ನಮ್ಮ ಕೇಂದ್ರಕ್ಕೆ ಬಂದರು. ಕೇಂದ್ರವೆಂದರೆ ಬಾಡಿಗೆಯ ಎರಡು ಕೋಣೆ, ಒಂದಷ್ಟು ಆಟಿಕೆ, ನೆಲಕ್ಕೆ ಹಾಸಿದ ಜಮಖಾನೆ. ಮಕ್ಕಳ ಮನಸ್ಸಿನ ತೊಂದರೆಗಳಿಗೆ ಸಂಸ್ಥೆಯೊಂದು ನಡೆಸುವ ಸೇವೆ ಅದು. ನಾನು ಅಲ್ಲಿ ಆಪ್ತಸಮಾಲೋಚಕಿ. ವಾರದಲ್ಲಿ ಎರಡು ದಿನ ಸವದತ್ತಿ, ಉಳಿದಂತೆ ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಂದು ಬಸ್ಸಿನಲ್ಲಿ ಓಡಾಟ.

ಹುಡುಗಿ ಎರಡನೆಯ ತರಗತಿಯಲ್ಲಿದ್ದಳು. ಬೆರಳಿಗೆ ಬಿಳಿ ಪಟ್ಟಿ. ತಾಯಿಯ ಸೆರಗಿನ ಹಿಂದೆ ನಿಂತು ನನ್ನ ಚಪ್ಪಲಿ ನೋಡುತ್ತಿದ್ದಳು. ಮುಖದಲ್ಲಿ ಅಳು ಇಲ್ಲ, ಸಿಟ್ಟೂ ಇಲ್ಲ. ಫೋಟೋಕ್ಕೆ ನಿಲ್ಲಿಸಿದ ಹಾಗೆ ಬಿಗಿದುಕೊಂಡಿದ್ದಳು.

ತಂದೆ ಸರಕಿನ ಗಾಡಿ ಓಡಿಸುವವರು. ಕೂತ ಕೂಡಲೆ ವಿಷಯಕ್ಕೆ ಬಂದರು.

"ಮೇಡಂ, ಮನಿಯಾಗ ಇಕಿ ಬಾಯಿ ಮುಚ್ಚಂಗಿಲ್ರಿ. ಸಾಲ್ಯಾಗ ಬಾಯಿ ತೆರಿಯಂಗಿಲ್ಲ. ಒಂದನೇ ಕ್ಲಾಸಿಗೆ ಸೇರಿದಾಗಿಂದ ಒಂದ ಅಕ್ಷರ ಆಡಿಲ್ಲ. ಸಾಲ್ಯಾಗ ಎಲ್ಲಾರೂ ಮೂಗಿ ಅಂತಾರ. ಬ್ಯಾರೆ ಜಿಲ್ಲಾದಾಗ ಮಾತು ಬರದಿರೋ ಮಕ್ಕಳ ಸಾಲಿ ಐತಂತ ಹೆಡ್‌ಮಾಸ್ತರ ಹೇಳ್ಯಾರ್ರಿ. ನಾ ಹೋಗಿ ನೋಡಿ ಬಂದೇನಿ, ಇರಾಕ ಉಣ್ಣಾಕ ಚಲೋ ಐತಿ. ದೀಪಾವಳಿ ಆದ ಮ್ಯಾಲ ಕರಕೊಂಡು ಬರ್ರಿ ಅಂದಾರ."

ತಾಯಿ ತಲೆ ತಗ್ಗಿಸಿದರು. ತಂದೆ ದನಿ ಇಳಿಸಿ ಹೇಳಿದರು.

"ನನಗೇನು ಮಗಳನ್ನ ದೂರ ಇಡೂ ಹೌಸ ಇಲ್ರಿ. ನಾಳೆ ಯಾರರ ಕೈ ಹಿಡದು ಜಗ್ಗಿದ್ರ ಒದರಾಕರೆ ಬರಬೇಕಲ್ರಿ."

ಈ ಮಾತನ್ನು ಹಾಗೆಯೇ ಕಡತದಲ್ಲಿ ಬರೆದುಕೊಂಡೆ.

ಮೊದಲು ಕಿವಿಯ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಸರಿಯಾಗಿದ್ದವು. ನಾಲಿಗೆ, ಗಂಟಲು ಸರಿ. ಬರೆಯುವುದು ಅಚ್ಚುಕಟ್ಟು, ಲೆಕ್ಕ ಚುರುಕು. ತಿಂಗಳಿಗೊಮ್ಮೆ ಧಾರವಾಡದಿಂದ ಬರುವ ನಮ್ಮ ಮನೋವೈದ್ಯರು ನೋಡಿ, ನಾನು ಅಂದುಕೊಂಡಿದ್ದನ್ನೇ ಹೇಳಿದರು. ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ. ಮನೆಯಲ್ಲಿ ಹರಳು ಹುರಿದ ಹಾಗೆ ಮಾತಾಡುವ ಮಗುವಿಗೆ ಹೊರಗೆ, ಕೆಲವರ ಮುಂದೆ, ಗಂಟಲು ಕಟ್ಟಿಬಿಡುತ್ತದೆ. ಅದು ಹಟವಲ್ಲ, ಸೊಕ್ಕಲ್ಲ. ಹೆದರಿಕೆ. ಬಾವಿಯ ಅಂಚಿನಲ್ಲಿ ನಿಂತವರಿಗೆ ಕಾಲು ಏಳದ ಹಾಗೆ ಅವರಿಗೆ ದನಿ ಏಳುವುದಿಲ್ಲ. 'ಮಾತಾಡು, ಮಾತಾಡು' ಎಂದಷ್ಟೂ ಅದು ಗಟ್ಟಿಯಾಗುತ್ತದೆ. ಹೀಗಿರುವಾಗ ಅವಳನ್ನು ಆ ವಸತಿ ಶಾಲೆಗೆ ಕಳಿಸಿದರೆ, ಅವಳು ಮಾತಾಡುತ್ತಿದ್ದ ಒಂದೇ ಜಾಗವೂ ಹೋಗುತ್ತಿತ್ತು. ಆ ಜಾಗ ಅವಳ ಮನೆ.

ತಂದೆಗೆ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ನಂಬಲಿಲ್ಲ, ಪೂರ್ತಿ ತಳ್ಳಿಯೂ ಹಾಕಲಿಲ್ಲ. "ದೀಪಾವಳಿತನಾ ನೋಡೂಣ್ರಿ" ಎಂದರು.

ನಾವು ಕೆಲಸ ಶುರುಮಾಡುವ ಕ್ರಮ ಹೀಗೆ. ಮಗು ಮತ್ತು ಅದು ನಿರಾಳವಾಗಿ ಮಾತಾಡುವ ಒಬ್ಬರು, ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡುತ್ತೇವೆ. ಅವರು ಆಡುತ್ತಾ ಮಾತಾಡುತ್ತಿರುವಾಗ ಹೊಸಬರು ಬಾಗಿಲಾಚೆ ಎಲ್ಲೋ ಸುಳಿದಾಡುತ್ತಾರೆ. ಮಾತು ನಿಲ್ಲದಿದ್ದರೆ ಬಾಗಿಲ ಹತ್ತಿರ ಬರುತ್ತಾರೆ. ಆಮೇಲೆ ಒಳಗೆ, ಬೆನ್ನು ಹಾಕಿ. ಆಮೇಲೆ ಆಟದ ಅಂಚಿಗೆ. ಮಾತು ನಿಂತರೆ ಒಂದು ಹೆಜ್ಜೆ ಹಿಂದೆ. ಪ್ರಶ್ನೆ ಕೇಳಬಾರದು. ಮಾತಾಡಿದಾಗ ಶಹಬ್ಬಾಸ್ ಅನ್ನಬಾರದು. ಅಚ್ಚರಿಯನ್ನಂತೂ ತೋರಿಸಲೇಬಾರದು. ನೋಡುವವರಿಗೆ ಇದು ಕೆಲಸವೇ ಅಲ್ಲ ಅನ್ನಿಸುತ್ತದೆ.

ಮನೆಯಲ್ಲಿ ಅವಳು ಹೇಗೆ ಮಾತಾಡುತ್ತಾಳೆಂದು ನಾನು ಕೇಳಬೇಕಿತ್ತು. ತಾಯಿ ತಮ್ಮ ಮೊಬೈಲಿನಲ್ಲಿ ಒಂದು ತುಣುಕು ರೆಕಾರ್ಡ್ ಮಾಡಿ ತಂದು, ನನ್ನ ಮೊಬೈಲಿಗೂ ಕಳಿಸಿದರು. ಅವರದು ಖಡಕ್ ರೊಟ್ಟಿ ಮಾಡಿ ಮಾರುವ ಮನೆ. ರೊಟ್ಟಿ ಬಡಿಯುವ ಸಪ್ಪಳದ ನಡುವೆ ಆ ಹುಡುಗಿಯ ದನಿ: "ಅಜ್ಜಿ, ಉರಿ ಸಣ್ಣ ಮಾಡು. ಎಷ್ಟು ಸಲ ಹೇಳೂದು ನಿನಗ?" ನಾನು ಕೇಳಿ ನಕ್ಕೆ. ತಾಯಿಯೂ ಮೊದಲ ಸಲ ನಕ್ಕರು. ಮನೆಯ ಯಜಮಾನಿಯೇ ಅವಳು ಎಂದರು.

ಕೇಂದ್ರದಲ್ಲಿ ಮೊದಲ ಕೆಲವು ವಾರ ಚೆನ್ನಾಗಿಯೇ ನಡೆಯಿತು. ಒಳಗೆ ತಾಯಿ ಮಗಳು ಹಾವು ಏಣಿ ಆಡುವಾಗ ಪಿಸುಮಾತು ಕೇಳುತ್ತಿತ್ತು. ನಾನು ಬಾಗಿಲಾಚೆ ಕಡತ ಜೋಡಿಸುವ ನಾಟಕ ಮಾಡುತ್ತಿದ್ದೆ. ಒಂದು ದಿನ ಬಾಗಿಲು ಅರ್ಧ ತೆರೆದಿದ್ದಾಗಲೂ ಪಿಸುಮಾತು ನಿಲ್ಲಲಿಲ್ಲ. ಆ ದಿನ ಬೈಲಹೊಂಗಲಕ್ಕೆ ಹೊರಟ ಬಸ್ಸಿನಲ್ಲಿ ನಿಂತುಕೊಂಡೇ ಹೋದರೂ ಕಾಲು ನೋಯಲಿಲ್ಲ.

ಆಮೇಲೆ ಎಲ್ಲ ಕೆಟ್ಟಿತು.

ಅವಳ ತರಗತಿಯ ಟೀಚರ್ ಒಳ್ಳೆಯವರು. ಬೆರಳಿನ ಘಟನೆಯಾದ ಮೇಲೆ ಅವರೂ ನೊಂದಿದ್ದರು. 'ನಿಜವಾಗಿಯೂ ಮನ್ಯಾಗ ಮಾತಾಡ್ತಾಳೇನ್ರಿ?' ಎಂದು ತಾಯಿಯನ್ನು ಕೇಳಿದ್ದಾರೆ. ತಾಯಿ ಹೆಮ್ಮೆಯಿಂದ ಆ ತುಣುಕನ್ನು ಅವರ ಮೊಬೈಲಿಗೆ ಕಳಿಸಿದ್ದಾರೆ. ಟೀಚರ್ ಮರುದಿನ ತರಗತಿಯಲ್ಲಿ ಅದನ್ನು ಜೋರಾಗಿ ಹಚ್ಚಿ, "ಕೇಳ್ರಿ, ನಮ್ಮ ಹುಡುಗಿ ಎಷ್ಟು ಚಂದ ಮಾತಾಡ್ತಾಳ" ಎಂದು ಮಕ್ಕಳಿಂದ ಚಪ್ಪಾಳೆ ಹೊಡೆಸಿದ್ದಾರೆ. ಪ್ರೀತಿಯಿಂದ ಮಾಡಿದ್ದು. ಮಕ್ಕಳೂ ಪ್ರೀತಿಯಿಂದಲೇ ಚಪ್ಪಾಳೆ ತಟ್ಟಿರಬೇಕು.

ಆ ಸಂಜೆ ಹುಡುಗಿ ಮನೆಗೆ ಬಂದು ಮಾತಾಡಲಿಲ್ಲ. ಅಜ್ಜಿಯ ಹತ್ತಿರ ಇಲ್ಲ, ತಾಯಿಯ ಹತ್ತಿರವೂ ಇಲ್ಲ. ಮರುದಿನವೂ ಇಲ್ಲ. ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದಳು. ತಾಯಿ ಮೊಬೈಲ್ ಕೈಗೆತ್ತಿಕೊಂಡರೆ ಸಾಕು, ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ತಂದೆ ಫೋನು ಮಾಡಿದರು. ಅವರು ರೇಗಿದ್ದರೆ ಚೆನ್ನಾಗಿತ್ತು. ದಣಿದ ದನಿಯಲ್ಲಿ ಹೇಳಿದರು: "ಮೇಡಂ, ಮನಿಯಾಗರೆ ಮಾತಾಡ್ತಿದ್ಲು. ಈಗ ಅದೂ ಹೋತು. ನೀವು ಇನ್ನ ಏನೂ ಮಾಡಬ್ಯಾಡ್ರಿ. ನಾ ಆ ಸಾಲಿಗೇ ಕಳಸ್ತೇನಿ."

ಡಾಕ್ಟರಿಗೆ ತಿಳಿಸಿದೆ. ಮುಂದಿನ ಭೇಟಿಯವರೆಗೂ ಹೀಗೇ ಇದ್ದರೆ ಔಷಧಿಯ ಬಗ್ಗೆ ಯೋಚಿಸೋಣ, ಅಲ್ಲಿಯವರೆಗೆ ಒತ್ತಡ ಬೇಡ ಎಂದರು. ನಮ್ಮ ಕೇಂದ್ರದ ಹಿರಿಯರು, ಕುಟುಂಬದವರೇ ಬೇಡವೆಂದ ಮೇಲೆ ಧಾರವಾಡಕ್ಕೆ ಚೀಟಿ ಬರೆದು ಕಳಿಸಿಬಿಡುವುದು ಒಳ್ಳೆಯದು ಎಂದರು. ಅದರಲ್ಲೂ ನ್ಯಾಯವಿತ್ತು. ಆದರೆ ನನ್ನ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿತ್ತು. ಆ ಹುಡುಗಿ ಮನೆಯಲ್ಲಿ, ತನ್ನವರ ನಡುವೆ ಮಾತ್ರ ಬಿಟ್ಟುಕೊಟ್ಟಿದ್ದ ದನಿಯನ್ನು ನಾವು ದೊಡ್ಡವರು ಕೈಯಿಂದ ಕೈಗೆ ದಾಟಿಸಿದ್ದೆವು. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮಾತು ಬರಿಸುವ ಉಪಾಯ ಆಮೇಲಿನದು. ಮೊದಲು ಅವಳದನ್ನು ಅವಳಿಗೆ ವಾಪಸು ಕೊಡಬೇಕಿತ್ತು.

ಎರಡು ನಿರ್ಧಾರ ಮಾಡಿದೆ. ಕೇಂದ್ರಕ್ಕೆ ಕರೆಸುವುದನ್ನು ನಿಲ್ಲಿಸಿ ನಾನೇ ಅವರ ಮನೆಗೆ ಹೋಗುವುದು. ಅವಳ ಮಾತನ್ನು ನಮ್ಮ ಗುರಿಯಿಂದಲೇ ತೆಗೆದುಹಾಕುವುದು. ಹಿರಿಯರು "ತಂದಿ ಒಪ್ಪಿದ್ರ ಹೋಗು" ಎಂದರು.

ತಂದೆಯನ್ನು ಒಪ್ಪಿಸಲು ನಾನು ದೊಡ್ಡ ಮಾತೇನೂ ಆಡಲಿಲ್ಲ. "ದೀಪಾವಳಿತನಾ ಅಂದಿದ್ರಿ. ಇನ್ನೂ ದೀಪಾವಳಿ ಬಂದಿಲ್ಲ" ಎಂದೆ. "ಬರ್ರಿ" ಎಂದರು.

ಟೀಚರನ್ನು ಒಪ್ಪಿಸುವುದು ಹೆಚ್ಚು ಕಷ್ಟವಾಯಿತು. ಆದದ್ದನ್ನು ಕೇಳಿ ಅವರು ಅತ್ತರು. ಆದರೆ ನೀವು ಬಂದು ಹುಡುಗಿಯ ಹತ್ತಿರ ತಪ್ಪಾಯಿತು ಅನ್ನಬೇಕು ಎಂದಾಗ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು.

"ಏಳು ವರ್ಷದ ಕೂಸಿಗೇನ್ರಿ? ನಾಳೆ ಸಾಲ್ಯಾಗ ನನ್ನ ಮಾತಿಗೆ ಏನು ಕಿಮ್ಮತ್ತು ಉಳೀತೈತಿ?"

"ಸಾಲ್ಯಾಗ ಬ್ಯಾಡ್ರಿ. ಅವರ ಮನಿಯಾಗ. ಬ್ಯಾರೆ ಯಾರೂ ಇರಂಗಿಲ್ಲ."

ಆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವರು ಬಂದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೇ ಇದ್ದರು. ಅಜ್ಜಿ "ಬರ್ರಿ ಟೀಚರ, ಕುಂದರ್ರಿ" ಎಂದು ಚಾಪೆ ಹಾಸಿದರು. ಹುಡುಗಿ ತಾಯಿಯ ಬೆನ್ನಿಗೆ ಅಂಟಿ ಕೂತಿದ್ದಳು. ನಾನು ಅವಳ ಕಡೆ ನೇರ ನೋಡದೆ, ಪಕ್ಕಕ್ಕೆ ತಿರುಗಿ ಹೇಳಿದೆ.

"ನಿನ್ನ ದನಿ ನಿಂದು. ನಿನ್ನ ಕೇಳದನ ರೆಕಾರ್ಡ್ ಮಾಡಿದಿವಿ, ಎಲ್ಲಾರಿಗೂ ಕೇಳಿಸಿದಿವಿ. ಅದು ತಪ್ಪು. ಇನ್ನ ಈ ಮನ್ಯಾಗ, ಸಾಲ್ಯಾಗ, ಯಾರೂ ನಿನಗ ಮಾತಾಡು ಅನ್ನಂಗಿಲ್ಲ."

ಟೀಚರ್ ತಮ್ಮ ಮೊಬೈಲನ್ನು ಚಾಪೆಯ ಮೇಲೆ ಇಟ್ಟು ಅವಳ ಕಡೆ ಸರಿಸಿದರು. "ತಪ್ಪಾತವ್ವ. ಇದನ್ನ ನೀನ ಅಳಿಸಿಬಿಡು" ಎಂದರು. ಎಲ್ಲಿ ಒತ್ತಬೇಕೆಂದು ತೋರಿಸಿದರು. ಹುಡುಗಿ ಮೊಬೈಲನ್ನು ನೋಡಿದಳು, ಟೀಚರನ್ನು ನೋಡಿದಳು. ಹೊಸ ಉಗುರು ಮೂಡುತ್ತಿದ್ದ ಆ ಬೆರಳನ್ನೇ ಚಾಚಿ ಒತ್ತಿದಳು. ಆಮೇಲೆ ತಾಯಿಯ ಮೊಬೈಲು, ಆಮೇಲೆ ನನ್ನದು. ಮೂರರಲ್ಲೂ ಅಳಿಸಿದ ಮೇಲೆ ಎದ್ದು, ಒಳಗಿನಿಂದ ನೀರಿನ ತಂಬಿಗೆ ತಂದು ಟೀಚರ ಮುಂದೆ ಇಟ್ಟಳು. ಟೀಚರ್ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಸುಮ್ಮನೆ ನೀರು ಕುಡಿದರು.

ಮಾತು ಬರಲಿಲ್ಲ. ಆದರೆ ಅಂದಿನಿಂದ ಮೊಬೈಲು ಕಂಡರೆ ಹಿತ್ತಲಿಗೆ ಓಡುವುದು ನಿಂತಿತು.

ಆಮೇಲಿನ ವಾರಗಳಲ್ಲಿ ನಾನು ಆ ಮನೆಗೆ ಹೋಗಿ ರೊಟ್ಟಿ ಬಡಿದೆ. ಬೈಲಹೊಂಗಲದಲ್ಲಿ ಬೆಳೆದವಳು ನಾನು, ರೊಟ್ಟಿ ನನಗೆ ಹೊಸದಲ್ಲ. ಹಿತ್ತಲಲ್ಲಿ ಪತ್ರಾಸಿನ ತಗಡಿನ ಮಾಡಿನ ಕೆಳಗೆ ಒಲೆ, ಅದರ ಮೇಲೆ ಹಂಚು. ತಾಯಿ ಹಿಟ್ಟು ನಾದುತ್ತಿದ್ದರು, ನಾನು ಬಡಿಯುತ್ತಿದ್ದೆ, ಅಜ್ಜಿ ಸುಡುತ್ತಿದ್ದರು, ಹುಡುಗಿ ಆರಿದ ರೊಟ್ಟಿಗಳನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟುತ್ತಿದ್ದಳು. ನಾವು ದೊಡ್ಡವರು ನಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಿದ್ದೆವು. ಉಗರಗೋಳದ ಅಂಗಡಿಯವರಿಗೆ ಎಷ್ಟು ರೊಟ್ಟಿ ಬೇಕು, ಮುರಗೋಡದ ಕಡೆಯ ಜೋಳ ಈ ಸಲ ಹೇಗಿದೆ, ಇಂಥವು. ಅವಳನ್ನು ಏನೂ ಕೇಳುತ್ತಿರಲಿಲ್ಲ. ಏನಾದರೂ ಬೇಕಿದ್ದರೆ ಅವಳು ತೋರಿಸುತ್ತಿದ್ದಳು, ನಾವು ಕೊಡುತ್ತಿದ್ದೆವು.

ಎಲ್ಲರಿಗಿಂತ ಕಷ್ಟವಾದದ್ದು ಅಜ್ಜಿಗೆ. ಮೊಮ್ಮಗಳಿಗೆ ದೃಷ್ಟಿಯಾಗಿದೆ ಎಂದು ನಂಬಿದ್ದ ಅವರು ದೇವಿಯ ಗುಡ್ಡಕ್ಕೆ ಹೋಗಿ ಹರಕೆ ಹೊತ್ತು ಬಂದಿದ್ದರು. ಅದಕ್ಕೆ ನನ್ನ ತಕರಾರಿರಲಿಲ್ಲ. ಆದರೆ ಹೊತ್ತಿಗೊಮ್ಮೆ "ಒಂದ ಸಲ ಅಜ್ಜಿ ಅನ್ನ, ನನ ಬಂಗಾರ" ಎನ್ನುವುದನ್ನು ಬಿಡಿಸಬೇಕಿತ್ತು. ಒಂದು ದಿನ ಅವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದೆ: "ಅಜ್ಜಿ, ಅಕಿ ಮಾತಾಡಿದ್ರ ನೀವು ತಿರುಗಿ ನೋಡಬಾರದು. ಅಳಬಾರದು, ನಗಬಾರದು, ಮುದ್ದ ಮಾಡಬಾರದು. ದಿನಾ ಮಾತಾಡ್ತಿದ್ಲಲ್ಲ, ಹಂಗ ಇರಬೇಕು."

"ಅಕಿ ಮಾತಾಡಿದ್ರ ನಾ ಸುಮ್ಮನ ಇರಬೇಕಾ? ನನ್ನ ಕೈಲೆ ಆಗಂಗಿಲ್ಲವಾ" ಎಂದರು ಅಜ್ಜಿ. ಆದರೂ ಪ್ರಯತ್ನಿಸುತ್ತೇನೆ ಎಂದರು.

ದಸರೆಯ ರಜೆ ಶುರುವಾಗಿತ್ತು. ಆ ದಿನ ರೊಟ್ಟಿಗೆ ಬೇಡಿಕೆ ಹೆಚ್ಚಿತ್ತು. ತಾಯಿ ಹಿಟ್ಟು ತರಲು ಒಳಗೆ ಹೋಗಿದ್ದರು. ಹಿತ್ತಲ ಬೇಲಿಯಾಚೆ ಯಾರೋ ಗಿರಾಕಿ ಬಂದು ಅಜ್ಜಿಯನ್ನು ಮಾತಿಗೆ ಹಿಡಿದಿದ್ದರು. ಅಜ್ಜಿ ಹಂಚಿಗೆ ಬೆನ್ನು ಹಾಕಿ ನಿಂತಿದ್ದರು. ನಾನು ಹಲಗೆಯ ಮೇಲೆ ಬಗ್ಗಿ ರೊಟ್ಟಿ ಬಡಿಯುತ್ತಿದ್ದೆ. ಸೀದ ವಾಸನೆ ನನ್ನ ಮೂಗಿಗೆ ಬರುವುದಕ್ಕೂ ಮೊದಲೇ, ನನ್ನಿಂದ ಎರಡು ಮಾರು ದೂರದಲ್ಲಿ, ತುಸು ಒಡೆದ ಒಂದು ದನಿ ಕೇಳಿತು.

"ಅಜ್ಜಿ, ರೊಟ್ಟಿ ಹೊತ್ತಾಕತ್ತೈತಿ."

ನನ್ನ ಕೈ ಬಡಿಯುವುದನ್ನು ನಿಲ್ಲಿಸಲಿಲ್ಲ. ಅದನ್ನು ನಿಲ್ಲಿಸಬಾರದು ಎಂದು ಗೊತ್ತಿದ್ದರಿಂದ ಇನ್ನೂ ಜೋರಾಗಿಯೇ ಬಡಿದಿರಬೇಕು, ರೊಟ್ಟಿ ಹರಿಯಿತು. ತಲೆ ಎತ್ತಲಿಲ್ಲ. ನನಗೆ ಅಜ್ಜಿಯದೇ ಹೆದರಿಕೆ. ಅವರ ಕಾಲು ಮಾತ್ರ ನನಗೆ ಕಾಣುತ್ತಿತ್ತು. ಆ ಕಾಲು ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಎಂದಿನ ನಿಧಾನದಲ್ಲಿ ಒಲೆಯ ಕಡೆ ಬಂತು. ಅಜ್ಜಿ ರೊಟ್ಟಿ ತೆಗೆದು ಪಕ್ಕಕ್ಕೆ ಹಾಕಿದರು.

"ಹೂಂ. ಉರಿ ಭಾಳ ಆಗೈತಿ" ಎಂದರು.

"ಕಟಗಿ ಹಿಂದ ಜಗ್ಗು" ಎಂದಳು ಹುಡುಗಿ.

ಅಜ್ಜಿ ಕಟ್ಟಿಗೆಯನ್ನು ಹಿಂದಕ್ಕೆ ಎಳೆದರು. ಹಿಟ್ಟಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ತಾಯಿ ಅಲ್ಲಿಂದಲೇ ಮತ್ತೆ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಹೊರಡುವಾಗ ಅಜ್ಜಿ ಓಣಿಯ ತಿರುವಿನವರೆಗೆ ಬಂದರು. ಅಲ್ಲಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತರು. ಆಮೇಲೆ ಹೇಳಿದರು:

"ಒಂದ ಗಳಿಗಿ ಬಾಯಿ ಮುಚ್ಚಿಕೊಂಡು ಇರೂದು ನನಗ ಇಷ್ಟ ತ್ರಾಸ ಆತು. ಆ ಕೂಸು ಒಂದೂವರಿ ವರ್ಷ ಹೆಂಗ ಇದ್ದೀತು, ತಂಗಿ?"

ಮನೆಯ ಮಾತು ತಿರುಗಿ ಬಂತು. ಮೊದಲು ಒಲೆಯ ಹತ್ತಿರ, ಆಮೇಲೆ ಇಡೀ ಮನೆಯಲ್ಲಿ. ನಾನಿದ್ದಾಗಲೂ ಅವಳು ಅಜ್ಜಿಗೆ ಬುದ್ಧಿ ಹೇಳುವುದನ್ನು ನಿಲ್ಲಿಸುತ್ತಿರಲಿಲ್ಲ. ಅವಳ ಮುಂದೆ ಈಗ ನಾನು ಹೊಸಬಳಾಗಿ ಉಳಿದಿರಲಿಲ್ಲ. ಇನ್ನು ಉಳಿದದ್ದು ಶಾಲೆ, ಮತ್ತು ದೀಪಾವಳಿ.

ಹೆಡ್‌ಮಾಸ್ತರರಿಂದ ಕೀಲಿ ತೆಗೆದುಕೊಂಡು, ರಜೆಯಲ್ಲಿ ಖಾಲಿ ಇದ್ದ ಎರಡನೆಯ ತರಗತಿಯ ಕೋಣೆಯನ್ನು ತೆರೆಸಿದೆವು. ಮೊದಲ ದಿನ ತಾಯಿ ಮಗಳು ಇಬ್ಬರೇ. ಗೋಡೆಯ ಚಿತ್ರ ನೋಡಿದರು, ಹಲಗೆಯ ಮೇಲೆ ಗೀಚಿದರು. ಅವಳು ಕೂರುವ ಜಾಗದಲ್ಲಿ ಕೂತು ಪಿಸುಗುಟ್ಟಿದಳು. ಮರುದಿನ ನಾನು ಸೇರಿಕೊಂಡೆ. ಚಿತ್ರದ ಚೀಟಿ ಎತ್ತಿ ಹೆಸರು ಹೇಳುವ ಆಟ. ತಾಯಿ ಒಂದು, ಅವಳು ಒಂದು, ನಾನು ಒಂದು. ದನಿ ಪಿಸುಮಾತಿನಿಂದ ಮೇಲೇಳುತ್ತಿತ್ತು. ಅಷ್ಟರಲ್ಲಿ ಕಸ ಗುಡಿಸುವವರು ಬಾಗಿಲು ತಳ್ಳಿ, "ಏನ್ ಇಕಿ ಮಾತಾಡಾಕತ್ತಾಳಲ್ಲ" ಎಂದರು. ಅಲ್ಲಿಗೆ ಆ ದಿನ ಮುಗಿಯಿತು. ಮರುದಿನ ಪಿಸುಮಾತೂ ಇಲ್ಲ. ಮತ್ತೆ ತಾಯಿ ಮಗಳು ಇಬ್ಬರನ್ನೇ ಬಿಟ್ಟು ಮೊದಲಿನಿಂದ ಶುರುಮಾಡಿದೆವು. ಈ ಸಲ ನಾನು ಬಾಗಿಲಲ್ಲಿ ಕಾವಲು.

ಟೀಚರ್ ತಮ್ಮ ರಜೆ ಬಿಟ್ಟು ಬಂದರು. ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಮಾಡಿದರು. ಮೊದಲು ವರಾಂಡದಲ್ಲಿ ಪುಸ್ತಕ ಓದುತ್ತಾ ಕೂತರು. ಆಮೇಲೆ ಒಳಗೆ ಬಂದು, ಹಿಂದಿನ ಸಾಲಿನಲ್ಲಿ ಬೆನ್ನು ಹಾಕಿ, ಮಕ್ಕಳ ನೋಟ್‌ಬುಕ್ಕುಗಳಿಗೆ ರಟ್ಟು ಹಾಕತೊಡಗಿದರು. ಹುಡುಗಿಯ ದನಿ ತಗ್ಗಿತು, ಆದರೆ ನಿಲ್ಲಲಿಲ್ಲ. ಕೆಲವು ದಿನದ ನಂತರ ಅವರು ಆಟಕ್ಕೆ ಬಂದು ಕೂತರು. ತಮ್ಮ ಸರದಿ ಬಂದಾಗ ಚೀಟಿ ಎತ್ತಿ, "ಆನಿ" ಎಂದರು. ಮುಂದಿನ ಚೀಟಿ ಹುಡುಗಿಯದು. ಅವಳು ಚೀಟಿಯಲ್ಲಿದ್ದ ಒಂಟೆಯ ಚಿತ್ರ ನೋಡಿದಳು. ತುಟಿ ಬಿಗಿಯಿತು. ನಾವು ಯಾರೂ ಅವಳ ಮುಖ ನೋಡಲಿಲ್ಲ. ಹೊರಗೆ ಗಾಡಿಯೊಂದು ಬಂದು ನಿಂತ ಸದ್ದಾಯಿತು.

"ಒಂಟಿ" ಎಂದಳು.

ಟೀಚರ್ ನನ್ನ ಸರದಿ ಎಂಬಂತೆ ಚೀಟಿಗಳನ್ನು ನನ್ನ ಕಡೆ ತಳ್ಳಿದರು.

ಹೊರಗೆ ಬಂದ ಗಾಡಿ ತಂದೆಯದು. ಹೆಂಡತಿ ಮಗಳನ್ನು ಕರೆದೊಯ್ಯಲು ಬಂದವರು. ಆಟ ಮುಗಿಸಿ ಹೊರಗೆ ಬಂದಾಗ ಅವರು ಕಿಟಕಿಯಿಂದ ತುಸು ದೂರ, ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದರು. ಒಳಗೆ ಬಂದಿರಲಿಲ್ಲ, ಇಣುಕಿರಲಿಲ್ಲ. ಮಗಳು ಓಡಿ ಹೋಗಿ ಗಾಡಿ ಹತ್ತಿದಳು. ಅವರು ಎದ್ದು ಧೂಳು ಕೊಡವಿಕೊಂಡರು.

"ಕೇಳಿದ್ರೇನ್ರಿ?" ಎಂದೆ ಮೆಲ್ಲಗೆ.

"ಕೇಳಿದೆನ್ರಿ." ಸ್ವಲ್ಪ ಹೊತ್ತು ಗಾಡಿಯ ಕಡೆ ನೋಡಿದರು. "ಆ ಸಾಲಿಗೆ ಫೋನ್ ಮಾಡಿ ಹೇಳ್ತೇನ್ರಿ, ಬರಂಗಿಲ್ಲಂತ. ಆ ಜಾಗಾ ಬ್ಯಾರೆ ಕೂಸಿಗೆ ಬೇಕಾಗಿರತೈತಿ."

ಆ ದಿನ ಸವದತ್ತಿಗೆ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂತ ಕೂಡಲೆ ನಿದ್ದೆ ಹೋದೆ. ಕಂಡಕ್ಟರ್ ಎಬ್ಬಿಸಬೇಕಾಯಿತು.

ಎಲ್ಲ ಮುಗಿಯಿತು ಎಂದಲ್ಲ. ಶಾಲೆ ಶುರುವಾದ ಮೇಲೆ ಇಡೀ ತರಗತಿಯ ಮುಂದೆ ಅವಳ ಮಾತು ಮತ್ತೆ ನಿಂತಿತು. ಅದು ನಾವು ಎಣಿಸಿದ್ದೇ. ಹಾಜರಿ ಕರೆಯುವಾಗ ಅವಳು ಕೈ ಎತ್ತಿದರೆ ಸಾಕು ಎಂದು ಟೀಚರ್ ಏರ್ಪಾಡು ಮಾಡಿಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಒಬ್ಬ ಗೆಳತಿಯನ್ನು ಆಟಕ್ಕೆ ಸೇರಿಸಿದರು, ಆಮೇಲೆ ಇನ್ನೊಬ್ಬಳನ್ನು. ಡಾಕ್ಟರು ಬಂದಾಗ, ಸದ್ಯಕ್ಕೆ ಔಷಧಿ ಬೇಡ, ಹೀಗೇ ನಡೆಯಲಿ ಎಂದರು. ನಾನು ಮುನವಳ್ಳಿಗೆ ಹೋಗುವುದು ಕಡಿಮೆಯಾಯಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ರಾಮದುರ್ಗದಲ್ಲಿದ್ದಾಗ ಟೀಚರ ಫೋನು ಬಂತು. ಅವರ ದನಿ ಕೇಳಿ ಏನೋ ಆಗಿದೆ ಎಂದು ಎದ್ದು ಹೊರಗೆ ಬಂದೆ.

"ಮೇಡಂ, ಒಂದು ತಕರಾರ ಬಂದೈತ್ರಿ ಇಕಿ ಮ್ಯಾಲ."

"ಏನಾತ್ರಿ?"

"ನೀರಿನ ನಳದ ಹತ್ರ ಎಲ್ಲಾ ಮಕ್ಕಳು ಪಾಳಿ ಹಚ್ಚಿದ್ವು. ಒಬ್ಬಾಕಿ ನಡುವ ತೂರಿ ಬಂದ್ಲಂತ. ಇಕಿ ಎಲ್ಲಾರ ಎದುರು, 'ಹಿಂದ ಹೋಗ, ನಾ ಮೊದಲ ನಿಂತೇನಿ' ಅಂತ ಬೈದಾಳಂತ್ರಿ. ಆ ಹುಡುಗಿ ಅಳಕೋತ ಬಂದು, 'ಟೀಚರ, ಇಕಿ ನನಗ ಬೈದ್ಲು' ಅಂತ ಹೇಳಾಕತ್ತಾಳ."

ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ: "ನೀವೇನ್ ಮಾಡಿದ್ರಿ?"

"ಏನ್ ಮಾಡೂದ್ರಿ? ಇಬ್ಬರನ್ನೂ ನಿಲ್ಲಿಸಿ ಬೈದೆನ್ರಿ. ಪಾಳಿ ಮುರೀಬಾರದು ಅಂತ ಅಕಿಗೆ, ಜೋರ ಮಾಡಬಾರದು ಅಂತ ಇಕಿಗೆ. ಇಬ್ಬರೂ ಮಾರಿ ಸಣ್ಣ ಮಾಡಿಕೊಂಡು ಹೋಗಿ ಕುಂತ್ರು. ಆಮ್ಯಾಲ ನಾ ಸ್ಟಾಫ್ ರೂಮಿಗೆ ಬಂದು ಬಾಗಲಾ ಹಾಕ್ಕೊಂಡು ನಿಮಗ ಫೋನ್ ಹಚ್ಚೇನ್ರಿ."